ಬೆಳಿಗ್ಗೆ ಎಂಟೂವರೆಯ ಮಳೆ

ಕೋಲಾರ
9 ಆಗಸ್ಟ್ 1982

ಪ್ರಿಯ ಮುನಿಯಲ್ಲಮ್ಮ,

ಇಂದು ಆಗಸ್ಟ್ ಒಂಬತ್ತು, ಸೋಮವಾರ. ಈ ಪತ್ರದ ಉದ್ದೇಶ ಒಂದೇ: ನಮ್ಮ ಚಿಂತಲಪಲ್ಲಿಯಲ್ಲಿ ಮಳೆಯನ್ನು ಹೇಗೆ ಅಳೆಯುತ್ತಾರೆ ಎಂಬುದರ ಪೂರ್ಣ ವಿವರವನ್ನು ನಿನ್ನಿಂದ ಪಡೆಯುವುದು. ಕ್ಷೇಮ ಸಮಾಚಾರವನ್ನು ಕೊನೆಯಲ್ಲಿ ಬರೆಯುತ್ತೇನೆ. ಮುಖ್ಯವಾದದ್ದು ಮೊದಲು ಬರಬೇಕೆಂದು ಪತ್ರಿಕೋದ್ಯಮದ ತರಗತಿಯಲ್ಲಿ ನಮಗೆ ಕಲಿಸುತ್ತಾರೆ.

ಅಧ್ಯಾಪಕರಾದ ಅಶ್ವತ್ಥಪ್ಪನವರು ಬಿ.ಎ. ಕೊನೆಯ ವರ್ಷದವರಿಗೆ ಒಂದು ಕೆಲಸ ವಹಿಸಿದ್ದಾರೆ. ಯಾವ ಪತ್ರಿಕೆಯಲ್ಲೂ ಇದುವರೆಗೆ ಬಾರದ ಒಂದು ವರದಿಯನ್ನು ಪ್ರತಿಯೊಬ್ಬರೂ ತಮ್ಮ ಊರಿನಿಂದ ತರಬೇಕು. ಎಲ್ಲಕ್ಕಿಂತ ಉತ್ತಮವಾದದ್ದು ಇಲ್ಲಿನ ವಾರಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಅದನ್ನು ಬರೆದವರನ್ನು ಪರೀಕ್ಷೆಯ ನಂತರ ಆ ಪತ್ರಿಕೆಯವರೇ ತರಬೇತಿಗೆ ತೆಗೆದುಕೊಳ್ಳುತ್ತಾರೆ. ಆ ಕಚೇರಿಯಲ್ಲಿ ಈವರೆಗೆ ಹೆಣ್ಣುಮಕ್ಕಳು ಕೆಲಸ ಮಾಡಿಲ್ಲ. ಆ ಜಾಗ ನನಗೆ ಬೇಕು. ತರಗತಿಯ ಹದಿನಾಲ್ಕು ಜನರಲ್ಲಿ ಎರಡು ವರ್ಷವೂ ಮೊದಲ ಸ್ಥಾನ ನನ್ನದೇ ಆಗಿದೆ. ಉಳಿದ ಹದಿಮೂರು ಮಂದಿಯೂ ಹುಡುಗರು. ಅವರು ಬೆನ್ನ ಹಿಂದೆ ನನ್ನನ್ನು ‘ಸಂಪಾದಕಿ’ ಎಂದು ಕರೆಯುತ್ತಾರೆ. ನಾನು ಕೇಳಿಸದವಳಂತೆ ಇರುತ್ತೇನೆ.

ಆ ವಾರಪತ್ರಿಕೆಯ ಕೊನೆಯ ಪುಟದಲ್ಲಿ ಜಿಲ್ಲೆಯ ಮಳೆ ವಿವರ ದಿನವಾರು ಬರುತ್ತದೆ. ಮುಳಬಾಗಿಲು, ತಾಯಲೂರು, ಹೋಳೂರು, ಕೆಳಗೆ ನಮ್ಮ ಪುಟ್ಟ ಚಿಂತಲಪಲ್ಲಿ. ಅದನ್ನು ಓದುವವರಿದ್ದಾರೆ, ಆ ಅಂಕಿ ಎಲ್ಲಿಂದ ಬಂತೆಂದು ಕೇಳಿದವರಿಲ್ಲ. ನಿಮ್ಮಪ್ಪ ಪೆದ್ದಪ್ಪ ಮಾವ ಮಳೆ ಅಳೆಯುವ ಆ ಡಬ್ಬವನ್ನು ನೋಡಿಕೊಳ್ಳುತ್ತಾರೆಂದು ನನಗೆ ಗೊತ್ತು. ಆದರೆ ಗೊತ್ತಿರುವುದು ಬೇರೆ, ವಿಚಾರಿಸಿ ಬರೆಯುವುದು ಬೇರೆ. ಡಬ್ಬ ಎಲ್ಲಿದೆ, ಯಾವ ಹೊತ್ತಿಗೆ ತೆರೆಯುತ್ತಾರೆ, ಅಂಕಿಯನ್ನು ಓದುವವರು ಯಾರು, ಬರೆಯುವವರು ಯಾರು, ಎಂದಾದರೂ ತಪ್ಪಾಗಿದೆಯೇ? ಒಂದು ಪ್ರಶ್ನೆಯನ್ನೂ ಬಿಡದೆ ಉತ್ತರಿಸು.

ಅಪ್ಪನಿಗೆ ಮಾಲೂರಿನ ಶಾಲೆಗೆ ವರ್ಗವಾದ ಮೇಲೆ ಊರಿನಲ್ಲಿ ನಾನು ಕೇಳಬಹುದಾದವಳು ನೀನೊಬ್ಬಳೇ. ನಾನು ಕ್ಷೇಮ. ಹಾಸ್ಟೆಲಿನಲ್ಲಿ ಊಟಕ್ಕೆ ಒಬ್ಬಳೇ ಕೂರುತ್ತೇನೆ. ಓದುತ್ತ ಉಣ್ಣುವುದಕ್ಕೆ ಅದೇ ಅನುಕೂಲ.

ಇತಿ,
ಕೆ. ಗಂಗರತ್ನ

*

ಚಿಂತಲಪಲ್ಲಿ
17 ಆಗಸ್ಟ್ 1982

ಪ್ರೀತಿಯ ಗಂಗೂ,

ಕಾಗದ ಬಂತು. ನಾಲ್ಕು ವರ್ಷದಲ್ಲಿ ನೀನು ಬರೆದ ಮೂರನೆಯ ಕಾಗದ ಇದು ಕಣೇ. ಪೋಸ್ಟಿನ ಕದಿರೇಶಣ್ಣ ಊರಿಗೆಲ್ಲ ಕೇಳಿಸುವ ಹಾಗೆ “ಕೋಲಾರದಿಂದ ಬಂದೈತೆ, ಸಿಹಿ ಕೊಡು” ಅಂದ. ಬೆಲ್ಲ ಕೊಟ್ಟೆ.

ನೀನು ಪರೀಕ್ಷೆಯ ಹಾಗೆ ಕೇಳಿದ್ದೀಯ, ನಾನೂ ಹಾಗೇ ಬರೆಯುತ್ತೇನೆ. ಹೈಸ್ಕೂಲಿನಲ್ಲಿ ಯಾವಾಗಲೂ ನಿನಗಿಂತ ಎರಡು ಮಾರ್ಕು ಕಡಿಮೆ ಬರುತ್ತಿತ್ತಲ್ಲ, ಈ ಸಲ ಪೂರ್ತಿ ತೆಗೆದುಕೊಳ್ಳುತ್ತೇನೆ ನೋಡು.

ಡಬ್ಬ ಹಳೆಯ ಬಂಗಲೆಯ ಹಿಂದಿನ ಬಯಲಿನಲ್ಲಿ, ಸಿಮೆಂಟು ಕಟ್ಟೆಯ ಮೇಲೆ ಇದೆ. ಮೇಲೆ ಆಲಿಕೆ, ಒಳಗೆ ಸೀಸೆ. ದಿನಾ ಬೆಳಿಗ್ಗೆ ಎಂಟೂವರೆಗೆ ತೆಗೆಯಬೇಕು, ಮಳೆ ಬಂದಿರಲಿ ಬಿಡಲಿ. ಸೀಸೆಯ ನೀರನ್ನು ಗೆರೆಗಳಿರುವ ಗಾಜಿನ ಲೋಟಕ್ಕೆ ಅಪ್ಪ ಸುರಿಯುತ್ತಾನೆ. ಅವನ ಕೈ ಒಂದು ತೊಟ್ಟನ್ನೂ ಚೆಲ್ಲುವುದಿಲ್ಲ. ಓದುವವಳು ನಾನು. ಕಣ್ಣಿನ ಮಟ್ಟಕ್ಕೆ ಹಿಡಿದು, ನೀರಿನ ಅಂಚನ್ನಲ್ಲ, ನಡುವಿನ ತಗ್ಗನ್ನು ನೋಡಬೇಕು. ಬರೆಯುವವಳೂ ನಾನೇ. ಅಪ್ಪನಿಗೆ ಅಕ್ಷರ ಬರುವುದಿಲ್ಲ ಅಂತ ನಿನಗೆ ಗೊತ್ತಿರಲಿಲ್ಲವಾ? ಅವನ ಹೆಸರೊಂದನ್ನು ಬರೆಯಲು ಬರುತ್ತದೆ, ಅಷ್ಟೇ. ಮೊದಲು ಒಬ್ಬ ಗುಮಾಸ್ತರಿದ್ದರು, ಅವರು ಓದುತ್ತಿದ್ದರು, ಅಪ್ಪ ಸುರಿಯುತ್ತಿದ್ದ. ಅವರು ಹೋದ ಮೇಲೆ ಎರಡು ಕೆಲಸವೂ ಅಪ್ಪನಿಗೇ ಬಿತ್ತು. ಬರಲ್ಲ ಅಂತ ಹೇಳಿದರೆ ಬೇರೆಯವರನ್ನು ಹಾಕುತ್ತಾರೆ ಅಂತ ಹೆದರಿ ಸುಮ್ಮನಿದ್ದ. ಆಗ ನಾನು ಏಳನೇ ಕ್ಲಾಸು. ಅವತ್ತಿಂದ ಇವತ್ತಿನವರೆಗೆ ಏಳು ವರ್ಷ.

ಅದಕ್ಕೇ ಕಣೇ ನಾನು ರಾಯಲ್ಪಾಡಿನ ಸ್ಕೂಲಿಗೆ ಓಡಿ ಓಡಿ ಬಂದರೂ ಪ್ರಾರ್ಥನೆ ಮುಗಿದಿರುತ್ತಿತ್ತು. ನೀನು ಮಾನಿಟರು, ತಡವಾಗಿ ಬಂದವರ ಪಟ್ಟಿಯಲ್ಲಿ ನನ್ನ ಹೆಸರನ್ನು ಎಷ್ಟು ದುಂಡಗೆ ಬರೆಯುತ್ತಿದ್ದೆ. ಕೋಲಾರಕ್ಕೆ ಓದಲು ಬರದಿದ್ದಕ್ಕೂ ಅದೇ ಕಾರಣ. ಅಮ್ಮನಿಗೆ ಹುಷಾರಿಲ್ಲ ಅಂತ ನಿನಗೆ ಹೇಳಿದ್ದೆ. ಅಮ್ಮ ಗಟ್ಟಿಮುಟ್ಟಾಗಿದ್ದಳು.

ತಪ್ಪಾಗಿದೆಯೇ ಅಂತ ಕೇಳಿದ್ದೀಯ. ಒಂದು ಸಲ. ಹೋದ ವರ್ಷ ಮೇ ತಿಂಗಳಲ್ಲಿ ಮುಳಬಾಗಿಲಿಗೆ ಮದುವೆಗೆ ಹೋಗಿದ್ದೆ. ಹಿಂದಿನ ದಿನ ಜೋರು ಮಳೆ ಬಂದು ಇಪ್ಪತ್ತೆರಡೂವರೆ ಮಿಲಿಮೀಟರ್ ಬರೆದಿಟ್ಟಿದ್ದೆ. ಮಾರನೆಯ ದಿನ ಒಂದು ಹನಿಯೂ ಇಲ್ಲ. ಅಪ್ಪ ರಿಜಿಸ್ಟರು ಬಿಚ್ಚಿ, ಜಾಗ ಖಾಲಿ ಬಿಡಬಾರದು ಅಂತ, ಮೇಲಿದ್ದ ಅಂಕಿಯನ್ನು ರಂಗೋಲಿ ಬಿಡಿಸಿದ ಹಾಗೆ ಹಾಗೇ ಕೆಳಗೆ ಬಿಡಿಸಿ, ತಾಲ್ಲೂಕು ಕಚೇರಿಗೆ ದಿನಾ ಹಾಕುವ ಕಾರ್ಡಿನಲ್ಲೂ ಹಾಗೇ ಬಿಡಿಸಿ ಕಳಿಸಿದ್ದಾನೆ. ಪೇಪರಿನಲ್ಲಿ ಬಂತು. ಪಕ್ಕದೂರಿನವರು “ಏನ್ಲಾ ಪೆದ್ದಪ್ಪ, ನಿಮ್ಮೂರಿಗೆ ಮಾತ್ರ ಬೇರೆ ಮೋಡಾನಾ?” ಅಂತ ಒಂದು ವಾರ ಕಾಡಿದರು. ಅಪ್ಪನೂ ನಕ್ಕ.

ಎಲ್ಲಕ್ಕೂ ಉತ್ತರ ಬರೆದೆ. ಈಗ ನನ್ನದೊಂದು ಪ್ರಶ್ನೆ. ನನ್ನ ಹೆಸರು ಹಾಕುತ್ತೀಯಾ?

ನಿನ್ನ,
ಮುನಿಯಲ್ಲಿ

*

ಕೋಲಾರ
25 ಆಗಸ್ಟ್ 1982

ಪ್ರಿಯ ಮುನಿಯಲ್ಲಮ್ಮ,

ನಿನ್ನ ಉತ್ತರಗಳು ಕ್ರಮಬದ್ಧವಾಗಿವೆ. ಇಷ್ಟನ್ನು ನಾನು ನಿರೀಕ್ಷಿಸಿರಲಿಲ್ಲ.

ನಿನ್ನೆ ಕಾಲೇಜಿನ ಗ್ರಂಥಾಲಯದಲ್ಲಿ ಹಳೆಯ ಸಂಚಿಕೆಗಳ ಕಟ್ಟು ಬಿಚ್ಚಿಸಿ ಕಳೆದ ವರ್ಷದ ಮೇ ತಿಂಗಳನ್ನು ಹುಡುಕಿದೆ. ಹತ್ತೊಂಬತ್ತನೆಯ ತಾರೀಖು ಜಿಲ್ಲೆಯೆಲ್ಲ ಸೊನ್ನೆ, ಚಿಂತಲಪಲ್ಲಿ ಮಾತ್ರ 22.5. ನೀನು ಮುಳಬಾಗಿಲಿಗೆ ಹೋಗಿದ್ದು ಅದೇ ದಿನವೇ? ಲಗ್ನಪತ್ರಿಕೆ ಉಳಿದಿದ್ದರೆ ನೋಡಿ ತಿಳಿಸು. ಎರಡು ಕಡೆಯಿಂದ ಖಚಿತವಾಗದ ಸಂಗತಿಯನ್ನು ಬರೆಯಬಾರದು. ಆ ಸಾಲಿನ ಮೇಲೆ ಬೆರಳಿಟ್ಟಾಗ, ನೀನು ಪಕ್ಕದಲ್ಲಿದ್ದಿದ್ದರೆ ತೋರಿಸಬಹುದಿತ್ತು ಎನ್ನಿಸಿತು. ಗ್ರಂಥಾಲಯದಲ್ಲಿ ಆಗ ಯಾರೂ ಇರಲಿಲ್ಲ.

ನೀನು ಕೋಲಾರಕ್ಕೆ ಬರದಿದ್ದ ಕಾರಣವನ್ನು ನಾಲ್ಕು ವರ್ಷದ ನಂತರ, ಬೇರೊಂದು ಪ್ರಶ್ನೆಗೆ ಉತ್ತರವಾಗಿ ತಿಳಿಸಿದ್ದೀಯ. ನಾನು ಬೇರೆಯೇ ತಿಳಿದಿದ್ದೆ. ಏನು ತಿಳಿದಿದ್ದೆನೆಂಬುದು ಈಗ ಅಪ್ರಸ್ತುತ.

ವರದಿಯಲ್ಲಿ ಯಾರ ಹೆಸರು ಬರಬೇಕು, ಯಾರದು ಬಾರದಿರಬೇಕು ಎಂಬುದನ್ನು ವರದಿಯ ಅಗತ್ಯವೇ ನಿರ್ಧರಿಸುತ್ತದೆ.

ಇತಿ,
ಗಂಗರತ್ನ

*

ಚಿಂತಲಪಲ್ಲಿ
4 ಸೆಪ್ಟೆಂಬರ್ 1982

ಪ್ರೀತಿಯ ಗಂಗೂ,

ಹತ್ತೊಂಬತ್ತೇ. ಲಗ್ನಪತ್ರಿಕೆಯನ್ನೇ ಇದರ ಜೊತೆ ಇಟ್ಟಿದ್ದೇನೆ, ಅರಿಶಿನದ ಕಲೆ ಅದು, ಬೇರೇನಲ್ಲ.

ನೀನು ನಮ್ಮ ಡಬ್ಬದ ಬಗ್ಗೆ ಬರೆಯುತ್ತೀಯ ಅಂತ ಅಪ್ಪನಿಗೆ ಹೇಳಿದೆ. ಅವನು ಮಾರನೆಯ ದಿನ ಕಟ್ಟೆಗೆ ಸುಣ್ಣ ಬಳಿದ. ಆಲಿಕೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿದ. ಫೋಟೋದವರು ಬರುತ್ತಾರೇನೋ ಅಂತ ಎರಡು ದಿನಕ್ಕೊಮ್ಮೆ ಗಡ್ಡ ಹೆರೆಸಿಕೊಳ್ಳುತ್ತಿದ್ದಾನೆ. ಸಿಕ್ಕಿದವರಿಗೆಲ್ಲ “ಮನ ಗಂಗರತ್ನ ಪೇಪರ್ಲೋ ರಾಸ್ತುಂದಂಟ” ಅನ್ನುತ್ತಾನೆ. ಪೇಪರಿನಲ್ಲಿ ಬರೆಯುತ್ತಾಳಂತೆ ಅಂತ. ನಮ್ಮ ಗಂಗರತ್ನ ಅನ್ನುತ್ತಾನೆ ನೋಡು, ನಿನ್ನ ಗಂಗರತ್ನ ಅಂತ ನನಗೆ ಹೇಳುವುದಿಲ್ಲ.

ನೀನು ಬೇರೆ ಏನು ತಿಳಿದಿದ್ದೆ? ಅದನ್ನು ಬರೆಯಲೇ ಇಲ್ಲ. ದಸರಾ ರಜೆಗೆ ಬಾ. ನೀನೇ ಒಂದು ದಿನ ಲೋಟ ಹಿಡಿದು ಓದುವಿಯಂತೆ.

ಮುನಿಯಲ್ಲಿ

*

ಕೋಲಾರ
27 ಸೆಪ್ಟೆಂಬರ್ 1982

ಪ್ರಿಯ ಮುನಿಯಲ್ಲಮ್ಮ,

ವರದಿ ಅಚ್ಚಾಗಿದೆ, ಮೊದಲ ಪುಟದಲ್ಲಿ, ನನ್ನ ಹೆಸರಿನೊಂದಿಗೆ. ಅದರ ತುಂಡನ್ನು ಲಗತ್ತಿಸಿದ್ದೇನೆ. ‘ಹನಿಯೂ ಬೀಳದ ದಿನ ಇಪ್ಪತ್ತೆರಡೂವರೆ ಮಿಲಿಮೀಟರ್ ಮಳೆ’ ಎಂಬ ತಲೆಬರಹ ನನ್ನದೇ, ಸಂಪಾದಕರು ಒಂದಕ್ಷರವನ್ನೂ ಬದಲಿಸಲಿಲ್ಲ. ಮೊದಲ ವಾಕ್ಯವನ್ನು ಹನ್ನೊಂದು ಸಲ ತಿದ್ದಿದ್ದೇನೆ: ‘ಜಿಲ್ಲೆಯ ಮಳೆಯ ಲೆಕ್ಕವನ್ನು ನಂಬುವವರು ತಿಳಿಯಬೇಕಾದದ್ದೇನೆಂದರೆ, ಚಿಂತಲಪಲ್ಲಿಯ ಮಳೆಯನ್ನು ಅಳೆಯಲು ನೇಮಕಗೊಂಡಿರುವ ನೌಕರ ಪೆದ್ದಪ್ಪ ಎಂಬುವರಿಗೆ ಓದು ಬರಹ ಬಾರದು.’ ಅಶ್ವತ್ಥಪ್ಪನವರು ಅದನ್ನು ತರಗತಿಯಲ್ಲಿ ಎರಡು ಸಲ ಓದಿಸಿದರು. ಜೂನ್ ಒಂದರಿಂದ ಪತ್ರಿಕೆಯ ಕಚೇರಿಯಲ್ಲಿ ನನಗೆ ಜಾಗ ಖಚಿತವಾಗಿದೆ.

ನಿನ್ನ ಹೆಸರನ್ನು ಹಾಕಿಲ್ಲ. ‘ನೌಕರನ ಮಗಳು’ ಎಂದಷ್ಟೇ ಬರೆದಿದ್ದೇನೆ. ನೇಮಕವಿಲ್ಲದೆ ಸರ್ಕಾರಿ ರಿಜಿಸ್ಟರಿನಲ್ಲಿ ಬರೆದವಳ ಹೆಸರು ಬರದಿರುವುದು ನಿನಗೇ ಕ್ಷೇಮ. ಇದನ್ನು ನೀನು ಅರ್ಥ ಮಾಡಿಕೊಳ್ಳುವೆ.

ಪತ್ರಿಕೆ ಕೈಗೆ ಬಂದ ದಿನ ತೋರಿಸುವುದಕ್ಕೆ ಹಾಸ್ಟೆಲಿನಲ್ಲಿ ಯಾರೂ ಹೊಳೆಯಲಿಲ್ಲ. ಅಡುಗೆಯ ಶಾಮಲಮ್ಮನಿಗೆ ತೋರಿಸಿದೆ. ಅವರು ಹೆಬ್ಬೆರಳಿನಿಂದ ನನ್ನ ಹೆಸರನ್ನು ಸವರಿ, “ಚೆನ್ನಾಗೈತೆ ಕಣಮ್ಮ, ಊಟ ಮಾಡು, ಸಾರು ಆರೋಗ್ತದೆ” ಎಂದರು.

ನಿನ್ನ ಅಭಿಪ್ರಾಯವನ್ನು ತಿಳಿಸು.

ಇತಿ,
ಗಂಗರತ್ನ

*

ಕೋಲಾರ
18 ಅಕ್ಟೋಬರ್ 1982

ಪ್ರಿಯ ಮುನಿಯಲ್ಲಮ್ಮ,

ಮೂರು ವಾರವಾಯಿತು, ನಿನ್ನಿಂದ ಉತ್ತರವಿಲ್ಲ. ಇಷ್ಟು ದಿನ ನೀನು ಎಂದೂ ತೆಗೆದುಕೊಂಡವಳಲ್ಲ.

ನೇರವಾಗಿ ಬರೆಯುತ್ತೇನೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ದಿನ ನೀನು ನನ್ನ ಅಂಕಪಟ್ಟಿಯನ್ನು ನೋಡಿ, ಏನೂ ಹೇಳದೆ, ಮೊದಲು ಮನೆಗೆ ಹೊರಟುಹೋದೆ. ಕೋಲಾರಕ್ಕೆ ನೀನು ಬರದೆ ಉಳಿದದ್ದು ಮತ್ತೆ ನನ್ನ ಹಿಂದೆ ಎರಡನೆಯವಳಾಗಲು ಮನಸ್ಸಿಲ್ಲದೆ ಎಂದು ನಾನು ತಿಳಿದಿದ್ದೆ. ನೀನು ಕೇಳಿದೆಯಲ್ಲ, ನಾನು ತಿಳಿದಿದ್ದು ಅದು. ಈಗಿನ ಮೌನವನ್ನು ನೋಡಿದರೆ ನಾನು ತಪ್ಪು ತಿಳಿದಿರಲಿಲ್ಲವೆನ್ನಿಸುತ್ತದೆ. ಹೆಸರು ಅಚ್ಚಾಗಲಿಲ್ಲವೆಂಬ ಬೇಸರವಿದ್ದರೆ ಅದನ್ನು ಬರೆದು ತಿಳಿಸುವುದು ಸ್ನೇಹದ ಲಕ್ಷಣ.

ದಸರಾ ರಜೆಗೆ ಮಾಲೂರಿಗೆ ಹೋಗುತ್ತಿದ್ದೇನೆ. ಚಿಂತಲಪಲ್ಲಿಗೆ ಬರಲಾಗದು.

ಗಂಗರತ್ನ

*

ಮಾಲೂರು
30 ಅಕ್ಟೋಬರ್ 1982

ಪ್ರಿಯ ಮುನಿಯಲ್ಲಮ್ಮ,

ಇದಕ್ಕೆ ಮುಂಚಿನ ಪತ್ರವನ್ನು ಬರೆದಾಗ ನಾನು ಗಮನಿಸದಿದ್ದ ಒಂದು ಸಂಗತಿ ಇಲ್ಲಿಗೆ ಬಂದ ಮೇಲೆ ಕಣ್ಣಿಗೆ ಬಿತ್ತು. ಪತ್ರಿಕೆಯ ಕೊನೆಯ ಪುಟದಲ್ಲಿ ಚಿಂತಲಪಲ್ಲಿಯ ಮುಂದೆ ಅಂಕಿಯಿಲ್ಲ, ‘ವರದಿ ಬಂದಿಲ್ಲ’ ಎಂದಿದೆ. ಹಿಂದಿನ ಸಂಚಿಕೆಯಲ್ಲೂ ಹಾಗೆಯೇ ಇದೆ.

ಅಪ್ಪನಿಗೆ ವರದಿಯನ್ನು ಓದಲು ಕೊಟ್ಟೆ. ಕನ್ನಡಕ ಹಾಕಿಕೊಂಡು, ಮಕ್ಕಳ ಉತ್ತರಪತ್ರಿಕೆಯನ್ನು ನೋಡುವಂತೆ ಕೊನೆಯವರೆಗೆ ಓದಿದರು. ಒಂದು ತಪ್ಪೂ ಸಿಗಲಿಲ್ಲ. ಮಡಿಸಿ ನನ್ನ ಕೈಗೆ ಕೊಡುವಾಗ ಕೇಳಿದರು:

“ಪೆದ್ದಪ್ಪಂಗೆ ಹೇಳಿ ಬರೆದ್ಯೇನಮ್ಮ?”

“ಅವರ ಮಗಳಿಗೆ ತಿಳಿಸಿದ್ದೆ” ಎಂದೆ.

“ಮಗಳಿಗಲ್ಲ, ಪೆದ್ದಪ್ಪಂಗೆ.”

ಅವರು ಸ್ನಾನಕ್ಕೆ ಎದ್ದುಹೋದರು. ಆಮೇಲೆ ಇಂದಿನವರೆಗೂ ಆ ವಿಷಯ ತೆಗೆದಿಲ್ಲ. ಅಮ್ಮ ಹೋಳಿಗೆ ಮಾಡಿದ್ದರು. ಮನೆ ತುಂಬ ನೆಂಟರಿದ್ದರು. ನಾನು ಹಿತ್ತಲ ಮೆಟ್ಟಿಲ ಮೇಲೆ ಕೂತು ಪತ್ರಿಕೆ ಓದಿದೆ.

ಅಲ್ಲಿ ಏನಾಗಿದೆ? ನನಗೆ ಅಭಿಪ್ರಾಯ ಬೇಡ, ಏನಾಗಿದೆಯೆಂದು ಮಾತ್ರ ಬರೆ.

ಗಂಗರತ್ನ

*

ಚಿಂತಲಪಲ್ಲಿ
21 ನವೆಂಬರ್ 1982

ಗಂಗರತ್ನ,

ಏನಾಗಿದೆ ಅಂತ ಕೇಳಿದ್ದೀಯ, ಬರೆಯುತ್ತೇನೆ.

ನೀನು ಕಳಿಸಿದ ತುಂಡು ಬಂದ ಸಾಯಂಕಾಲ ಅಪ್ಪ, ಮುತ್ಯಾಲಮ್ಮಜ್ಜಿ, ಇನ್ನೂ ನಾಲ್ಕು ಜನ ನಮ್ಮ ಜಗುಲಿಯ ಮೇಲೆ ಕೂತರು. ಯಾರಿಗೂ ಕನ್ನಡ ಓದಲು ಬಾರದು, ತೆಲುಗಿನಲ್ಲಿ ಹೇಳಬೇಕು. ಪೇಪರನ್ನು ನಾನೇ ಯಾವಾಗಲೂ ಹಾಗೆ ಓದಿ ಹೇಳುವುದು. ಮೊದಲ ಸಾಲು ನೋಡಿದೆ. ಅಪ್ಪ ಎದುರಿಗೇ ಕೂತಿದ್ದ, ಹೊಸ ಟವೆಲು ಹೊದ್ದುಕೊಂಡು. ನೀನು ಬರೆದದ್ದನ್ನು ನಾನು ಓದಲಿಲ್ಲ. ಏನು ಬರೆದಿದ್ದರೆ ಚೆನ್ನಾಗಿತ್ತೋ ಅದನ್ನು ಓದಿದೆ. ಬಿಸಿಲಾಗಲಿ ಚಳಿಯಾಗಲಿ ಪೆದ್ದಪ್ಪ ಒಂದು ದಿನವೂ ತಪ್ಪಿಸಿಲ್ಲ, ಒಂದು ತೊಟ್ಟೂ ಚೆಲ್ಲಿಲ್ಲ, ಅಂಥವರು ಈ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ ಅಂತ. ಅಪ್ಪ ಮೂರು ಸಲ ಓದಿಸಿದ. ಮೂರು ಸಲವೂ ಮಾತು ಬದಲಾಗದ ಹಾಗೆ ನೆನಪಿಟ್ಟುಕೊಂಡು ಹೇಳಿದೆ.

ಬೆಳಿಗ್ಗೆ ಅಪ್ಪ ಆ ತುಂಡನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೋದ. ರಾಯಲ್ಪಾಡಿನ ಟೀ ಅಂಗಡಿಯಲ್ಲಿ ತೋರಿಸಿದ, ಬಸ್ಸಿನ ಕಂಡಕ್ಟರಿಗೆ ತೋರಿಸಿದ. ಓದು ಬಂದವರು ಓದಿ, ಅವನ ಮುಖ ನೋಡಿ, ಹಿಂದಕ್ಕೆ ಕೊಟ್ಟರಂತೆ. ತಿಂಗಳ ಮಳೆ ಲೆಕ್ಕದ ಕಾಗದ ಕೊಡಲು ತಾಲ್ಲೂಕು ಕಚೇರಿಗೆ ಹೋದಾಗ ಸಾಹೇಬರ ಮೇಜಿನ ಮೇಲೆ ತಾನೇ ಇಟ್ಟಿದ್ದಾನೆ. ನಿಂತುಕೊಂಡು, ಸಾಹೇಬರು ಏನನ್ನುತ್ತಾರೋ ಅಂತ ಕಾಯುತ್ತಿದ್ದನಂತೆ.

ಹತ್ತು ದಿನಕ್ಕೆ ಜೀಪಿನಲ್ಲಿ ಇಬ್ಬರು ಬಂದರು. ಲೋಟ, ರಿಜಿಸ್ಟರು ತೆಗೆದುಕೊಂಡರು. ನಾಳೆಯಿಂದ ಬರಬೇಡ ಅಂದರು. ಯಾಕೆ ಅಂತ ಕೇಳಿದ್ದಕ್ಕೆ, ನೀನೇ ತಂದು ತೋರಿಸಿದೆಯಲ್ಲಯ್ಯ ಅಂದರು.

ಅವರು ಹೋದ ಮೇಲೆ ಅಪ್ಪ ಜೇಬಿನಿಂದ ತುಂಡು ತೆಗೆದು ನನ್ನ ಮುಂದೆ ಇಟ್ಟ. “ಇಪ್ಪುಡು ಉನ್ನದಿ ಉನ್ನಟ್ಟು ಸದುವಮ್ಮಾ” ಅಂದ. ಇರುವುದನ್ನು ಇದ್ದ ಹಾಗೆ ಓದು ಅಂತ. ಓದಿದೆ. ಕೊನೆಯವರೆಗೆ ಕೇಳಿದ. “ನಿಜಮೇ ರಾಸಿಂದಿ ಪಿಲ್ಲ” ಅಂದ. ಹುಡುಗಿ ನಿಜವನ್ನೇ ಬರೆದಿದ್ದಾಳೆ ಅಂತ. ನಿನ್ನ ಮೇಲೆ ಒಂದು ಮಾತೂ ಆಡಲಿಲ್ಲ. ನನ್ನ ಮೇಲೂ ಆಡಲಿಲ್ಲ. ಆದರೆ ಅವತ್ತಿಂದ ಪೇಪರು ಓದು ಅಂತ ಕೇಳಿಲ್ಲ.

ಫಲಿತಾಂಶದ ದಿನ ನಾನು ಮೊದಲು ಹೊರಟಿದ್ದು, ನಿನ್ನ ಮಾರ್ಕು ನಿಮ್ಮ ಅಮ್ಮನಿಗೆ ಹೇಳಲು ಓಡಿದ್ದು.

ಕಚೇರಿಯ ಜವಾನರೊಬ್ಬರು ಹೇಳಿದರು, ಮಗಳು ಏಳು ವರ್ಷ ಸರಿಯಾಗಿ ಬರೆದಿದ್ದಾಳೆ ಅಂತ ಪೇಪರಿನಲ್ಲಿ ಬಂದರೆ ಆ ಕೆಲಸ ನನಗೇ ಕೊಡಬಹುದು, ಸಾಹೇಬರಿಗೂ ಮನಸ್ಸಿದೆ ಅಂತ. ಆಗಿರುವುದನ್ನು ಕೇಳಿದ್ದರಿಂದ ಇದನ್ನೂ ಬರೆದಿದ್ದೇನೆ.

ಮುನಿಯಲ್ಲಮ್ಮ

*

ಕೋಲಾರ
2 ಡಿಸೆಂಬರ್ 1982

ಪ್ರೀತಿಯ ಮುನಿಯಲ್ಲಿ,

ನಿನ್ನ ಪತ್ರ ತಲುಪಿದ ದಿನವೇ ಉತ್ತರ ಬರೆಯಲು ಕುಳಿತೆ. ಬರೆದದ್ದನ್ನು ಹರಿದೆ. ಇದು ಐದನೆಯದು. ವರದಿಯ ಮೊದಲ ವಾಕ್ಯವೂ ಇಷ್ಟು ಕಾಡಿರಲಿಲ್ಲ.

ಪೆದ್ದಪ್ಪ ಮಾವ ನಾನು ಬರೆದದ್ದು ನಿಜವೆಂದರೆಂಬುದನ್ನು ಓದಿ ನನಗೆ ಸಮಾಧಾನವಾಯಿತು. ಅವರು ದೊಡ್ಡ ಮನಸ್ಸಿನವರು. ನಿನ್ನ ಪತ್ರದಲ್ಲೂ ಎಲ್ಲಿಯೂ ನನ್ನ ಮೇಲೆ ದೂರಿಲ್ಲ. ನೀವಿಬ್ಬರೂ ಅರ್ಥ ಮಾಡಿಕೊಂಡಿದ್ದೀರೆಂದು ತಿಳಿದಿದ್ದೇನೆ. ಒಂದನ್ನು ಮಾತ್ರ ಹೇಳದೆ ಇರಲಾರೆ. ಅಂದು ಜಗುಲಿಯ ಮೇಲೆ ನಾನು ಬರೆದಂತೆಯೇ ನೀನು ಓದಿದ್ದರೆ, ಮಾವ ಆ ತುಂಡನ್ನು ಕಚೇರಿಗೆ ಒಯ್ಯುತ್ತಿರಲಿಲ್ಲ. ಇದನ್ನು ತಪ್ಪು ಹೊರಿಸುವುದಕ್ಕಾಗಿ ಬರೆಯುತ್ತಿಲ್ಲ.

ಆದದ್ದನ್ನು ಸರಿಪಡಿಸುವ ದಾರಿಯನ್ನು ನೀನೇ ತೋರಿಸಿದ್ದೀಯ. ನಿನ್ನೆ ಸಂಪಾದಕರನ್ನು ಕಂಡೆ. ಎರಡನೆಯ ವರದಿಗೆ ಒಪ್ಪಿದ್ದಾರೆ, ಮೊದಲ ಪುಟದಲ್ಲಿಯೇ. ಈ ಸಲ ನಿನ್ನ ಹೆಸರು ತಲೆಬರಹದಲ್ಲಿಯೇ ಇರುತ್ತದೆ. ಫೋಟೋ ಕೂಡ. ಆ ಏಳು ವರ್ಷ ನೀನು ಹೇಗೆ ಓದುತ್ತಿದ್ದೆ, ಕೋಲಾರಕ್ಕೆ ಬಾರದೆ ಉಳಿದದ್ದು ಹೇಗೆ, ಆ ನಿರ್ಧಾರ ಮಾಡಿದ ದಿನ ಮನೆಯಲ್ಲಿ ಏನು ಮಾತಾಯಿತು, ಅಮ್ಮ ಏನೆಂದರು, ಈಗ ಮಾವ ಬೆಳಿಗ್ಗೆ ಎಂಟೂವರೆಗೆ ಏನು ಮಾಡುತ್ತಾರೆ? ಇವಕ್ಕೆಲ್ಲ ಉತ್ತರ ಬರೆ, ಅಥವಾ ನೀನೇ ಬಂದು ಹೇಳು. ಸಂಪಾದಕರು ಹೊಸ ವರ್ಷದ ಸಂಚಿಕೆಗೆ ಜಾಗ ಇಟ್ಟಿದ್ದಾರೆ. ನಿನ್ನ ಒಪ್ಪಿಗೆಯಿಲ್ಲದೆ ಈ ಸಲ ಒಂದಕ್ಷರವನ್ನೂ ಕೊಡುವುದಿಲ್ಲ.

ಶ್ರೀನಿವಾಸಪುರದಿಂದ ಬೆಳಗಿನ ಬಸ್ಸು ಹಿಡಿದರೆ ಹತ್ತಕ್ಕೆಲ್ಲ ಇಲ್ಲಿರುತ್ತೀಯ. ಈಗ ನಿನಗೆ ಬೆಳಿಗ್ಗೆ ಬಿಡುವಿದೆಯಲ್ಲ. ನನ್ನ ಕೋಣೆಯಲ್ಲಿಯೇ ಉಳಿಯಬಹುದು, ಇನ್ನೊಂದು ಮಂಚ ಎರಡು ವರ್ಷದಿಂದ ಖಾಲಿಯಿದೆ. ಊಟಕ್ಕೆ ಒಬ್ಬಳೇ ಕೂರುವುದು ಅನುಕೂಲವೆಂದು ಮೊದಲ ಪತ್ರದಲ್ಲಿ ಬರೆದಿದ್ದೆ. ಅದು ಅಷ್ಟು ಸರಿಯಾದ ಮಾತಲ್ಲ. ಬರುವ ದಿನವನ್ನು ತಿಳಿಸಿದರೆ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತೇನೆ, ಎಷ್ಟು ಹೊತ್ತಾದರೂ.

ನಿನ್ನ,
ಗಂಗೂ

*

ಇಂದ:
ಪಿ. ಮುನಿಯಲ್ಲಮ್ಮ
ಚಿಂತಲಪಲ್ಲಿ, ಶ್ರೀನಿವಾಸಪುರ ತಾಲ್ಲೂಕು

ಗೆ:
ಕುಮಾರಿ ಕೆ. ಗಂಗರತ್ನ
ಬಿ.ಎ. ವಿದ್ಯಾರ್ಥಿನಿ, ಕೋಲಾರ

14 ಡಿಸೆಂಬರ್ 1982

ಮಾನ್ಯರೇ,

ದಿನಾಂಕ 2ರ ನಿಮ್ಮ ಪತ್ರ ತಲುಪಿದೆ. ಅಪ್ಪನಿಗೂ ಇದ್ದ ಹಾಗೆ ಓದಿ ಹೇಳಿದ್ದೇನೆ.

ಆ ಕೆಲಸ ನನಗೆ ಸಿಗದೆ ಹೋದರೂ ನಿಮ್ಮ ಪ್ರಶ್ನೆಗಳಿಗೆ ನಾನು ಉತ್ತರ ಬರೆಯುವುದಿಲ್ಲ.